ರಾಯಬಾಗದ ಹಿಮಪಾತ

ರಾಯಬಾಗದ ಚಳಿಗಾಲ ಬೆಳಗಿನ ಹತ್ತಕ್ಕೆ ಮುಗಿಯುತ್ತದೆ. ಆಮೇಲೂ ಸ್ವೆಟರ್ ತೊಟ್ಟವರನ್ನು ಜನ ಜ್ವರ ಬಂದಿದೆಯೇ ಎಂದು ವಿಚಾರಿಸುತ್ತಾರೆ. ಇಂಥ ಊರಿನಲ್ಲಿ ಹೋದ ಡಿಸೆಂಬರಿನಲ್ಲಿ ನನಗೆ ಮನೆಯೊಳಗೆ ಹಿಮ ಬೀಳಿಸುವ ಹುಕಿ ಬಂತು.

ಮಗಳು ಸವಿತಾಳನ್ನು ನೋಡಲು ನಿಪ್ಪಾಣಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಸಂಬಂಧಗಳು ತಪ್ಪಿದ್ದಕ್ಕೆ ನಮ್ಮ ಮಂಕು ಪಡಸಾಲೆಯೇ ಕಾರಣ ಎಂದು ನಾನು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬಾಕೆ ಮನೆಯ ಹಳೆ ಸಾಮಾನುಗಳಿಂದಲೇ ಚಳಿಗಾಲದ ಅಲಂಕಾರ ಮಾಡಿ ತೋರಿಸಿದಳು. ಅವಳ ಕಿಟಕಿಯಾಚೆ ನಿಜವಾದ ಹಿಮವಿತ್ತು. ನಮ್ಮ ಕಿಟಕಿಯಾಚೆ ಕಬ್ಬು ಹೇರಿದ ಟ್ರ್ಯಾಕ್ಟರ್. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬೋರಿಗಿಡದ ಒಣ ಟೊಂಗೆಯನ್ನು ತಂಬಿಗೆಯಲ್ಲಿ ನಿಲ್ಲಿಸಿದೆ. ಹಳೆ ತಲೆದಿಂಬು ಬಿಚ್ಚಿ, ಹತ್ತಿ ಹಿಂಜಿ, ಟೊಂಗೆಯ ಮೇಲೆ, ಕಿಟಕಿಯ ಮೇಲೆ, ಕಪಾಟಿನ ಮೇಲೆ ಹರಡಿದೆ. ಔಷಧದ ಖಾಲಿ ಬಾಟಲಿಗಳಿಗೆ ಅಂಟು ಹಚ್ಚಿ ರಂಗೋಲಿ ಪುಡಿಯಲ್ಲಿ ಹೊರಳಿಸಿದೆ. ನಮ್ಮವರು ಬಂದು ನೋಡಿ, ದಿಂಬನ್ನು ಇಲಿ ಕಡಿದಿದೆಯೇ ಎಂದು ಕಳವಳದಿಂದ ಕೇಳಿದರು. ಸವಿತಾ ಗಹಗಹಿಸಿ ನಕ್ಕಳು. ಆ ನಗು ಹಿಂದೆ ಬಂದವರಿಗೆ ಹಿಡಿಸಿರಲಿಲ್ಲವೇನೋ ಎಂಬ ಅಳುಕೂ ನನಗಿತ್ತು. ನಾಳೆ ಮಾತ್ರ ಹೀಗೆ ನಗಬೇಡ ಎಂದೆ. ಅವಳ ಮುಖ ಸಪ್ಪಗಾಯಿತು.

ಮರುದಿನ ಮಧ್ಯಾಹ್ನ ಅವರು ಬಂದರು. ಅವಲಕ್ಕಿ, ಚಹಾ ಕೊಟ್ಟೆವು. ಸವಿತಾ ತಲೆ ತಗ್ಗಿಸಿ ಕೂತಳು. ಸೆಕೆ ಎಂದು ನಮ್ಮವರು ಮರ್ಯಾದೆಗೆ ಫ್ಯಾನು ಹಾಕಿದರು, ಅದೂ ಪೂರ್ತಿ ಜೋರಾಗಿ. ನನ್ನ ಹಿಮವೆಲ್ಲ ಒಮ್ಮೆಲೇ ಮೇಲೆದ್ದಿತು. ಗಂಡಿನ ತಾಯಿಯ ತುರುಬು, ಅವಲಕ್ಕಿಯ ತಾಟು, ಹುಡುಗನ ಮೀಸೆ, ಯಾವುದನ್ನೂ ಬಿಡಲಿಲ್ಲ. ಈ ಸಂಬಂಧವೂ ಹೋಯಿತು ಎಂದುಕೊಂಡೆ. ಆ ತಾಯಿ ಚಹಾದೊಳಗಿನ ಹತ್ತಿಯನ್ನು ಬೆರಳಿನಿಂದ ತೆಗೆದಿಟ್ಟು ನಿಧಾನವಾಗಿ ಕೇಳಿದರು:

“ಬರ್ಫ ಅಂದ್ರ ಹಿಂಗ ಬೀಳತೈತೇನ್ರಿ? ನಾ ಟಿವ್ಯಾಗ ಅಷ್ಟ ನೋಡೀನಿ.”

ಸವಿತಾ ತಡೆದಷ್ಟು ತಡೆದು, ಕೊನೆಗೆ ಓಣಿಗೆಲ್ಲ ಕೇಳುವಂತೆ ನಕ್ಕಳು. ಹುಡುಗ ಆಗಲೇ ಅವಳನ್ನು ಸರಿಯಾಗಿ ನೋಡಿದ್ದು. ಮೀಸೆಯ ಹತ್ತಿ ಸಮೇತ ಅವನೂ ನಕ್ಕ.

ಮುಂದಿನ ವಾರ ಆ ತಾಯಿಯೇ ಫೋನು ಮಾಡಿ ಒಪ್ಪಿಗೆ ತಿಳಿಸಿದರು. ತಮ್ಮ ಮನೆಯಲ್ಲಿ ಎಲ್ಲರೂ ಗಂಭೀರ ಸ್ವಭಾವದವರು, ನಗುವವರೊಬ್ಬರು ಬೇಕಾಗಿತ್ತು ಎಂದರು. ಮದುವೆಯಲ್ಲಿ ನಿಮ್ಮದೇನಾದರೂ ಅಪೇಕ್ಷೆ ಇದ್ದರೆ ಸಂಕೋಚವಿಲ್ಲದೆ ಹೇಳಿ ಎಂದೆ.

“ಒಂದ ಐತ್ರಿ,” ಎಂದರು. “ಮಂಟಪದ ಅಲಂಕಾರ ನಾವ ಮಾಡಸ್ತೀವ್ರಿ.”