ಪಿಕಪ್ಪಿನ ಸೀಟಿಗೆ ಎರಡು ಹೋಳಿಗೆ

ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ನಮ್ಮ ಮನೆಯ ಅಂಗಳವೇ ಕಾಣಿಸಿತು. ಪಿಕಪ್ಪಿನ ಒಳಗೆ ಕೂತವನು ನಾನು; ಕೆಳಗೆ ಹಾಸಿದ ಪರಸಿ ಕಲ್ಲು, ಅದರ ಮೇಲೆ ಸಾಲು ಹಿಡಿದು ಹೊರಟ ಇರುವೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ತಗಡನ್ನು ತುಕ್ಕು ತಿಂದು ಎರಡು ಪಾದ ಒಟ್ಟಿಗೆ ತೂರುವಷ್ಟು ತೂತಾಗಿತ್ತು. ಅಪ್ಪ ಕೊನೆಯ ವರ್ಷಗಳಲ್ಲಿ ಅದರ ಮೇಲೆ ಒಂದು ಮ್ಯಾಟ್ ಹಾಸಿಕೊಂಡು ಶಹಾಬಾದಿನಿಂದ ಕಲ್ಲು ಹೇರಿ, ವಾಡಿ ದಾಟಿ, ಚಿತ್ತಾಪುರಕ್ಕೆ ಬರುತ್ತಿದ್ದ. ನಮಗ್ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಸತ್ತು ಎರಡು ವರ್ಷವಾದ ಮನುಷ್ಯನಿಗೆ ಏನಾದರೂ ಆಗಿಬಿಟ್ಟೀತು ಎಂದು ಅವತ್ತು ನನಗೆ ಗಾಬರಿಯಾಯಿತು.

ನಾನು ತಾಲೂಕು ಕಚೇರಿಯ ಗುಮಾಸ್ತ. ಫೈಲು ತಿರುವುವ ಕೈಗೆ ಸ್ಪ್ಯಾನರ್ ಹಿಡಿಯುವ ಕೆಲಸ ಬಂದದ್ದು ಅವ್ವನಿಂದ. ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಚಿಂಚೋಳಿಯಾಚೆ ಚಂದ್ರಂಪಳ್ಳಿ ಕಡೆಯ ಹಳ್ಳಿಯಲ್ಲಿದ್ದಾಳೆ. ಇಬ್ಬರೂ ಮುಖ ನೋಡಿ ಮೂರು ವರ್ಷವಾಗಿತ್ತು. ಅವ್ವನ ಸೊಂಟ ಹಿಡಿದ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಮಾತು. ದೊಡ್ಡವ್ವನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಫೋನಿನಲ್ಲಿ ಅಕ್ಕತಂಗಿ ಮಾತಾಡುವುದಕ್ಕಿಂತ ಅಳುವುದೇ ಹೆಚ್ಚು. "ಅಕಿಗಿ ಕಣ್ಣು ಕಾಣೂತನಾ ಒಮ್ಮೆ ಹೋಗಿ ಬರ್ಬೇಕೋ ತಮ್ಮಾ" ಎಂದು ಅವ್ವ ಒಂದು ದಿನ ಹೇಳಿದಳು. ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳದ ಹೆಂಗಸು. ಅಂಗಳದಲ್ಲಿ ಅಪ್ಪನ ಪಿಕಪ್ ಧೂಳು ತಿನ್ನುತ್ತ ನಿಂತಿತ್ತು.

ತಮಾಷೆಯೆಂದರೆ ಅವ್ವ ಆ ಗಾಡಿಯ ಕ್ಯಾಬಿನ್ನಿನಲ್ಲಿ ಒಂದು ಸಲವೂ ಕೂತವಳಲ್ಲ. ಅಪ್ಪನ ಪಕ್ಕ ಕ್ಲೀನರ್ ಕೂರುತ್ತಿದ್ದ. ಅವ್ವ ಹಿಂದೆ, ತೊಗರಿ ಚೀಲಗಳ ಮೇಲೆ.

ಮಿಸ್ತ್ರಿಯನ್ನು ಕರೆಸಿದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಎಂಜಿನ್ ಚಾಲು ಮಾಡಿ ಕೇಳಿ, "ಎಂಜಿನ್ ಗಟ್ಟಿ ಅದರಿ ಸಾಹೇಬ್ರೇ, ಡಬ್ಬಾ ಪೂರಾ ಖರಾಬ್ ಆಗ್ಯಾದ. ಗುಜರಿಗಿ ಹಾಕ್ರಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟಿನ ಗುಣವೇ ಹಾಗೆ, ಬಂದರೆ ಕೆಲಸ ಮಾಡಿಸುತ್ತದೆ. ಮುಂದಿನ ಭಾನುವಾರವೇ ಪರಸಿ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಗಾಡಿಯನ್ನು ಅದರ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ಹೊಕ್ಕೆ.

ಅಲ್ಲಿಂದ ಏಳೆಂಟು ಭಾನುವಾರ ಬರೀ ಎದೆಬಡಿತ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ನೆಲದ ತೂತಿಗೆ ತೇಪೆ ಹಾಕಲು ಹೋದರೆ, ರಿವೆಟ್ ಹೊಡೆದ ಕಡೆಯೆಲ್ಲ ಹಳೇ ತಗಡು ಹಪ್ಪಳದ ಹಾಗೆ ಮುರಿಯುತ್ತಿತ್ತು. ಕೊನೆಗೆ ತಾಳಲಾರದೆ ನೆಲಕ್ಕೆ ಇಡೀ ಹೊಸ ತಗಡನ್ನೇ ಬೆಸುಗೆ ಹಾಕಿಸಿದೆ. ಸೀಟು ಬಿಚ್ಚಿದರೆ ಒಳಗೆ ಫೋಮ್ ಎಂಬುದೇ ಇರಲಿಲ್ಲ. ಅಪ್ಪ ಸಿಮೆಂಟಿನ ಖಾಲಿ ಚೀಲಗಳನ್ನು ಮಡಚಿ ತುಂಬಿದ್ದ. ಡ್ಯಾಶ್‌ಬೋರ್ಡ್ ಬಿಚ್ಚಿದ ದಿನವಂತೂ ಕೈ ಹಿಂದೆ ತೆಗೆದುಕೊಂಡೆ. ಬಣ್ಣ ಬಣ್ಣದ ವೈರು, ಒಂದಕ್ಕೂ ಟೇಪ್ ಇಲ್ಲ, ಮಧ್ಯೆ ಒಂದು ಬೀಡಿ ಕಟ್ಟು. ಅಪ್ಪನ ಬೀಡಿ ಅಲ್ಲಿರುತ್ತಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ತೋರಿಸಲಿಲ್ಲ.

ಆದರೂ ಮಾಡಿದೆ. ಸೀಟಿಗೆ ಹೊಸ ಫೋಮ್, ಚಾವಣಿಗೆ ಒಳಗಿನಿಂದ ಗೋಣಿತಟ್ಟಿನ ಮೇಲೆ ಪ್ಲೈವುಡ್, ಅವ್ವನಿಗೆ ಗಾಳಿ ಬರಲೆಂದು ಚಿಕ್ಕ ಫ್ಯಾನು, ಫೋನ್ ಚಾರ್ಜ್ ಮಾಡುವ ಪಾಯಿಂಟು. ನಾನು ಎಳೆದ ಪ್ರತಿ ವೈರಿಗೂ ಬೇರೆ ಬೇರೆ ಫ್ಯೂಜ್ ಹಾಕಿದೆ. ಆ ಅಚ್ಚುಕಟ್ಟು ನೋಡಿ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಎಡಗಡೆ ಬಾಗಿಲಿನ ಒಳಗಿನ ಹಿಡಿಕೆ ಮುರಿದಿತ್ತು. ಅದು ಎಲ್ಲೂ ಸಿಗದೆ, ಸದ್ಯಕ್ಕಿರಲಿ ಎಂದು ನೈಲಾನ್ ಹಗ್ಗ ಕಟ್ಟಿದೆ. ಎಳೆದರೆ ಬಾಗಿಲು ತೆರೆಯುತ್ತಿತ್ತು. ಎರಡು ಸಲ ಎಳೆದು ನೋಡಿ ಬಿಟ್ಟುಬಿಟ್ಟೆ.

ಸೀಟಿನ ಮೇಲೆ ರೆಕ್ಸಿನ್ ಹಾಕಿಸೋಣವೆಂದರೆ ಅವ್ವ ಒಪ್ಪಲಿಲ್ಲ, ಬಿಸಿಲಿಗೆ ಸುಡುತ್ತದೆಂದಳು. ಅಪ್ಪನ ಖಾಕಿ ಅಂಗಿಗಳು, ಲುಂಗಿಗಳು, ತನ್ನ ಹಳೇ ಸೀರೆ ಎಲ್ಲ ಸೇರಿಸಿ ಸೀಟಿನ ಅಳತೆಗೆ ಒಂದು ಕೌದಿ ಹೊಲಿದಳು. ಹೊಲಿಗೆ ಮುಗಿಯುವ ದಿನ ಮನೆಯಲ್ಲಿ ಹೋಳಿಗೆ ಆಯಿತು. ನಮ್ಮವ್ವ ಯಾವ ಕೌದಿ ಹೊಲಿದರೂ ಒಂದು ಮೂಲೆ ತೆರೆದಿಟ್ಟು, ಅದರೊಳಗೆ ಹೋಳಿಗೆಯ ತುಂಡಿಟ್ಟು, ಆಮೇಲೆ ಹೊಲಿಗೆ ಹಾಕುವವಳು. ಅವ್ವನ ಅವ್ವನೂ ಹಾಗೇ ಮಾಡುತ್ತಿದ್ದಳಂತೆ. ಕೌದಿಯ ಹೊಟ್ಟೆ ತುಂಬಿದ್ದರೆ ಮನೆಯವರ ಹೊಟ್ಟೆಯೂ ತುಂಬಿರುತ್ತದೆಂಬ ನಂಬಿಕೆ.

"ಅವ್ವಾ, ಇದು ಗಾಡಿ ಸೀಟು, ಇದಕ್ಕೂ ಊಟ ಏನು?" ಎಂದು ಚೇಷ್ಟೆ ಮಾಡಿದೆ.

"ಕೌದಿ ಅಂದ್ರ ಕೌದಿನೇ. ಉಪಾಸ ಇಡಬಾರದು" ಎಂದಳು.

"ಹಂಗಾರ ತುಂಡು ಯಾಕ? ಸೀಟು ದೊಡ್ಡದು, ಎರಡೂ ಕಡಿ ಒಂದೊಂದು ಇಡೀ ಹೋಳಿಗಿನೇ ಇಡು, ಹೊಟ್ಟಿ ತುಂಬ ಉಣ್ಣಲಿ" ಎಂದು ನಾನೇ ಬುಟ್ಟಿಯಿಂದ ಎರಡು ತೆಗೆದುಕೊಟ್ಟೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಅವ್ವನೂ ನಗುತ್ತಲೇ ಎರಡೂ ಮೂಲೆಗೆ ಇಟ್ಟು ಹೊಲಿದಳು.

ಕಚೇರಿಯಲ್ಲಿ ರಜೆ ಸಿಗುವಷ್ಟರಲ್ಲಿ ಮೂರು ವಾರ ಕಳೆಯಿತು. ಅಷ್ಟು ದಿನ ಗಾಡಿ ಅಂಗಳದಲ್ಲೇ, ಪಕ್ಕದ ಮನೆಯವರ ತೊಗರಿ ಹೊಟ್ಟಿನ ಬಣವೆಗೆ ತಾಗಿ ನಿಂತಿತ್ತು.

ಹೊರಟ ದಿನ ಅವ್ವ ಇಳಕಲ್ ಸೀರೆ ಉಟ್ಟು ಕಿಟಕಿ ಪಕ್ಕ ಕೂತಳು, ಹೆಂಡತಿ ನಡುವೆ. ಸೇಡಂ ತನಕ ಅವ್ವ ಫ್ಯಾನಿನ ಮುಂದೆ ಮುಖ ಹಿಡಿದುಕೊಂಡೇ ಇದ್ದಳು. "ನಿಮ್ಮಪ್ಪ ಇಷ್ಟ್ ದಿನ ಇಷ್ಟ್ ಆರಾಮ್ ಕುಂತು ಹೋಗ್ತಿದ್ದನೇನೋ!" ಎಂದು ಆಶ್ಚರ್ಯಪಟ್ಟಳು. ಸಿಮೆಂಟ್ ಚೀಲದ ಸುದ್ದಿ ನಾನು ಎತ್ತಲಿಲ್ಲ. ಸೇಡಂ ದಾಟಿ ಚಿಂಚೋಳಿ ರಸ್ತೆ ಹಿಡಿದು ಸ್ವಲ್ಪ ಹೊತ್ತಾಗಿತ್ತು. ಸುಟ್ಟ ರಬ್ಬರಿನ ವಾಸನೆ ಬಂತು. ಮರುಗಳಿಗೆಗೆ ಡ್ಯಾಶ್‌ಬೋರ್ಡಿನ ಸಂದಿಯಿಂದ ಬಿಳಿ ಹೊಗೆ ಬುಸುಬುಸು ಎದ್ದು ಮೂವರ ಮುಖಕ್ಕೂ ಹೊಡೆಯಿತು.

ಬ್ರೇಕ್ ಹಾಕಿ ಹಾರಿದೆ. "ಇಳೀರಿ, ಇಳೀರಿ!" ಎಂದು ಕೂಗುತ್ತ ಬಾನೆಟ್ ಎತ್ತಿ, ಟವೆಲ್ ಸುತ್ತಿದ ಕೈಯಿಂದ ಬ್ಯಾಟರಿಯ ವೈರು ಕಿತ್ತೆ. ತಲೆ ಎತ್ತಿದರೆ ಇಬ್ಬರೂ ಇನ್ನೂ ಒಳಗೇ ಇದ್ದರು. ಹೆಂಡತಿಯ ಕೈಯಲ್ಲಿ ಹರಿದುಬಂದ ನೈಲಾನ್ ಹಗ್ಗದ ತುಂಡು ತೂಗಾಡುತ್ತಿತ್ತು. ನನ್ನ ಕಡೆಯ ಬಾಗಿಲಿಗೆ ಸರಿಯಲು ಅವ್ವನ ಸೊಂಟ ಬಿಡದು, ಅವಳನ್ನು ಬಿಟ್ಟು ಹೆಂಡತಿ ಇಳಿಯಳು. ಅವ್ವ ಹೊಗೆಯೊಳಗೆ ಎರಡೂ ಅಂಗೈಯಿಂದ ಗಾಜು ಬಡಿಯುತ್ತಿದ್ದಳು. ಅವಳ ಬಾಯಿ ತೆರೆದಿತ್ತು, ದನಿ ನನಗೆ ಕೇಳಿಸುತ್ತಿರಲಿಲ್ಲ. ಓಡಿ ಹೋಗಿ ಹೊರಗಿನಿಂದ ಬಾಗಿಲು ಎಳೆದಾಗ ಅವ್ವ ನನ್ನ ಮೈಮೇಲೆಯೇ ಬಿದ್ದಳು. ಆ ಗಾಜು ಬಡಿಯುವ ಕೈಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ.

ಹೊಗೆ ಆರಿತು, ಬೆಂಕಿ ಹತ್ತಲಿಲ್ಲ. ಆದರೆ ದೊಡ್ಡವ್ವನ ಊರು ಅವತ್ತು ಬರಲೇ ಇಲ್ಲ. ದಾರಿಯಲ್ಲಿ ಬಂದ ಪುಣ್ಯಾತ್ಮನೊಬ್ಬ ಅವ್ವನನ್ನು ಹೆಂಡತಿಯ ಜೊತೆ ತನ್ನ ಕಾರಿನಲ್ಲಿ ಮನೆಗೆ ಮುಟ್ಟಿಸಿದ. ನಾನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಪಿಕಪ್ಪನ್ನು ಎಳೆದು ತಂದೆ. ಮನೆಯೊಳಗೆ ಕಾಲಿಡುತ್ತಲೇ ಹೆಂಡತಿ, "ನಿಮ್ಮ ವೈರಿಂಗ್ ಸಾಕ್ರಿ. ಇನ್ನ ಅತ್ತೀನ ಆ ಗಾಡ್ಯಾಗ ಕುಂದ್ರಸಬ್ಯಾಡ್ರಿ" ಎಂದಳು. ಅವ್ವ ಗೋಡೆ ಕಡೆ ತಿರುಗಿ ಮಲಗಿದ್ದಳು.

ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಬಿಚ್ಚಿದೆ. ನನ್ನ ವೈರು ಒಂದೂ ಕೆಟ್ಟಿರಲಿಲ್ಲ, ನನ್ನ ಫ್ಯೂಜುಗಳು ಹೊಸದಾಗಿಯೇ ಇದ್ದವು. ಬ್ಯಾಟರಿಯಿಂದ ಬರುವ ಹಳೇ ದಪ್ಪ ಕೆಂಪು ವೈರಿನ ಮೈ ಮಾತ್ರ ಕಚ್ಚಿ ಕಚ್ಚಿ ಬೆತ್ತಲಾಗಿ, ತಗಡಿಗೆ ತಾಗಿ ಕಪ್ಪಾಗಿತ್ತು. ಅದರ ಪಕ್ಕದಲ್ಲೇ ಇಲಿಯ ಗೂಡು. ಗೂಡಿನೊಳಗೆ ಖಾಕಿ ಬಟ್ಟೆಯ ಚೂರು, ಸೀರೆಯ ದಾರ, ಒಣಗಿದ ಹೋಳಿಗೆಯ ಅಂಚು. ಸೀಟಿನ ಕೌದಿ ಎಳೆದು ನೋಡಿದೆ. ಎರಡೂ ಮೂಲೆ ತೂತಾಗಿ ಖಾಲಿ.

ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಮೊದಲು ಬಂದದ್ದು ಖುಷಿ, ನನ್ನ ತಪ್ಪಲ್ಲ ಎಂಬ ಖುಷಿ. ಹೆಂಡತಿಯನ್ನು ಕೂಗಿ ತೋರಿಸಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ. ತೋರಿಸಿದರೆ ಅವ್ವನಿಗೆ ಗೊತ್ತಾಗುತ್ತದೆ. ಅಪ್ಪನ ಅಂಗಿಯಿಂದ ಹೊಲಿದ ಕೌದಿ, ಅವಳ ಕೈಯ ಹೋಳಿಗೆ, ಮಗನನ್ನೂ ಸೊಸೆಯನ್ನೂ ಸುಡುತ್ತಿದ್ದವು ಎಂದು ಗೊತ್ತಾದರೆ ಅವಳು ಮತ್ತೆ ಸೂಜಿ ಹಿಡಿಯುವಳೇ? ಎರಡು ಇಡೀ ಹೋಳಿಗೆ ಕೊಟ್ಟವನು ನಾನೇ ಅಲ್ಲವೇ? ಗೂಡನ್ನು ತಿಪ್ಪೆಗೆ ಎಸೆದೆ. ಕೌದಿಯ ಮೂಲೆಗಳನ್ನು ಕತ್ತರಿಸಿ, ಶಾಖಕ್ಕೆ ಸುಟ್ಟವು ಎಂದೆ. "ಹೌದು, ನನ್ನ ವೈರೇ ಸಡಲಿತ್ತು" ಎಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಹೆಂಡತಿ ಒಂದು ತಿಂಗಳು ಬಂದವರಿಗೆಲ್ಲ ಅದನ್ನು ಹೇಳಿದಳು.

ಅಷ್ಟರಲ್ಲಿ ಕೆಂಪು ವೈರು ಬದಲಿಸಿ, ಅದಕ್ಕೆ ಕೊಳವೆ ತೊಡಿಸಿ, ಬಾಗಿಲಿಗೆ ಕಲಬುರಗಿಯ ಗುಜರಿಯಲ್ಲಿ ಹುಡುಕಿ ಕಬ್ಬಿಣದ ಹಿಡಿಕೆ ತಂದು ಕೂರಿಸಿದೆ. ಯಾರನ್ನೂ ಹತ್ತಿರಿ ಎಂದು ಕರೆಯುವ ಧೈರ್ಯ ಮಾತ್ರ ಬರಲಿಲ್ಲ. ಅವ್ವನೇ ಒಂದು ದಿನ, "ನಾಳಿಗಿ ಅಕ್ಕನ ಊರಿಗಿ ಹೋಗಮಿ" ಎಂದಳು. ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತೆಯೊಬ್ಬಳನ್ನೇ ಬಿಡಲಾರದೆ ಅವಳೂ ಹತ್ತಿದಳು.

ಸೀಟಿನ ಮೇಲೆ ಮತ್ತೆ ಅದೇ ಕೌದಿ ಇತ್ತು, ಮೂಲೆಗಳಿಗೆ ಹೊಸ ತೇಪೆ. ಸೇಡಂ ದಾಟುವಾಗ ನನ್ನ ಕೈ ತೇಪೆಗೆ ತಾಗಿತು. ಒಳಗೆ ಗುಂಡಗೆ, ಗಟ್ಟಿಯಾಗಿ ಏನೋ ಇತ್ತು. ಬೆರಳು ಮೂಸಿದೆ. ನುಸಿ ಗುಳಿಗೆ! ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕುವ ಬಿಳಿ ಗುಳಿಗೆ. ಬೆಚ್ಚಿಬಿದ್ದು ಅವ್ವನ ಮುಖ ನೋಡಿದೆ.

"ಉಪಾಸ ಇಡಲಿಕ್ಕ ಮನಸ್ಸ್ ಬರ್ಲಿಲ್ಲೋ" ಎಂದಳು ಅವ್ವ, ರಸ್ತೆ ನೋಡುತ್ತಲೇ. "ಅದ್ಕ ಇಲಿ ತಿನ್ನದಂಥದ್ದು ಹಾಕೀನಿ. ತಿಪ್ಪಿ ಮ್ಯಾಗ ನಿಮ್ಮಪ್ಪನ ಅಂಗಿ ಚೂರು ಕಂಡ್ರ ನನಗ ಗುರ್ತು ಸಿಗೂದಿಲ್ಲೇನು? ನಿನ್ನ ವೈರ್ ಛಲೋನೇ ಇತ್ತು ಬಿಡು."

ಹೆಂಡತಿ ನನ್ನ ಕಡೆ ಹೊರಳಿದಳು. "ಹಂಗಾರ ತಿಂಗಳಾತು ಸುಳ್ಳು ಹೇಳಾಕತ್ತೀರೇನ್ರಿ?"

"ಬಾಗಿಲ ಹಗ್ಗ ನಂದೇ ತಪ್ಪು" ಎಂದೆ.

"ಅದನ್ನೂ ನೋಡೀನಿ" ಎಂದಳು ಅವ್ವ. "ನೀವಿಬ್ಬರೂ ಇಲ್ಲದಾಗ ನಾ ಒಬ್ಬಾಕಿನೇ ಒಳಗ ಕುಂತು ಹತ್ತು ಸಲ ತೆಗದು ಹಾಕಿ ನೋಡೀನಿ. ಈಗ ತೆಗೀತದ."

ಆಗಲೇ ನಾನು ಗಮನಿಸಿದ್ದು. ಅವ್ವನ ಎಡಗೈ ಬಾಗಿಲಿನ ಹಿಡಿಕೆಯ ಮೇಲಿತ್ತು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ಚಿತ್ತಾಪುರ ಬಿಟ್ಟಾಗಿನಿಂದಲೂ ಆ ಕೈ ಅಲ್ಲೇ ಇತ್ತೆಂದು ನಡುವೆ ಕೂತ ಹೆಂಡತಿ ಆಮೇಲೆ ಹೇಳಿದಳು. ದೊಡ್ಡವ್ವ ಬಾಗಿಲಲ್ಲಿ ನಿಂತು, ಕಣ್ಣಿಗೆ ಕೈ ಮರೆ ಮಾಡಿ, "ಯಾರವ್ವಾ, ನನ್ನ ತಂಗಿ ಏನು?" ಎಂದು ಕೂಗುವ ತನಕ ಅದು ಹಿಡಿಕೆ ಬಿಡಲಿಲ್ಲ. ನಾನೂ ಗಂಟೆಗೆ ಮೂವತ್ತರ ಮೇಲೆ ಓಡಿಸಲಿಲ್ಲ.