ಸೂಜಿಯ ಮುಚ್ಚಳ ಮತ್ತು ಜಯಮ್ಮನ ಕೈ

ನನ್ನ ರಕ್ತ ಒಳ್ಳೆಯದೋ ಕೆಟ್ಟದ್ದೋ ಅಂತ ಐವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ಮಾತ್ರ ಕೇಳುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಬೇಕಾಯಿತು, ಅದೂ ಬಿಸಿ ಇಡ್ಲಿ ಮುಂದಿಟ್ಟುಕೊಂಡು.

ಆಗಿದ್ದು ಇಷ್ಟು. ಮೂರು ತಿಂಗಳಿಗೊಮ್ಮೆ ಶುಗರ್ ಟೆಸ್ಟ್‌ಗೆ ನಾನು ಹಾಸನದ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಹೋಗುತ್ತೇನೆ. (ಹೆಸರು ಬೇಡ. ಹೇಳಿದರೆ ಮುಂದಿನ ಸಲ ನನಗೆ ದಪ್ಪ ಸೂಜಿ ಗ್ಯಾರಂಟಿ.) ಅಲ್ಲಿನ ಲ್ಯಾಬ್ ಟೆಕ್ನೀಶಿಯನ್ ಸವಿತಾ. ಕೊಣನೂರಿನ ಹುಡುಗಿ, ಹಾಸನದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಾಳೆ. ಸೂಜಿ ಕಂಡರೆ ನಾನು ಗೋಡೆ ಕಡೆ ತಿರುಗುವ ಗಂಡಸು. ಅದು ಗೊತ್ತಿರುವುದರಿಂದ ಆಕೆ ಏನಾದರೂ ಮಾತಾಡಿಸುತ್ತಲೇ ಕೆಲಸ ಮುಗಿಸಿಬಿಡುತ್ತಾಳೆ.

ಅವತ್ತೂ ಮುಗಿಸಿದಳು. ರಕ್ತವನ್ನು ಟ್ಯೂಬಿಗೆ ಬಿಟ್ಟಳು. ಎಡಗೈಯಲ್ಲಿ ಸೂಜಿಯ ಪ್ಲಾಸ್ಟಿಕ್ ಮುಚ್ಚಳ ಹಿಡಿದು, ಬಲಗೈಯಲ್ಲಿದ್ದ ಸಿರಿಂಜಿನ ಸೂಜಿಯನ್ನು ಅದರೊಳಗೆ ತೂರಿಸಲು ಹೋದಳು. ಗುರಿ ತಪ್ಪಿತು.

ಎಡಗೈ ತೋರುಬೆರಳಿನ ಗ್ಲೌಸ್ ಮೇಲೆ ಕೆಂಪು ಚುಕ್ಕೆ. ನಾನು ನೋಡಿದೆ. ನಾನು ನೋಡಿದ್ದನ್ನು ಆಕೆಯೂ ನೋಡಿದಳು.

“ಏನಿಲ್ಲ ಸರ್. ತಿಂಡಿ ತಿಂದ್ಕೊಂಡು ಬನ್ನಿ, ಇನ್ನೊಂದು ಸ್ಯಾಂಪಲ್ ಕೊಡ್ಬೇಕಲ್ಲ” ಅಂದಳು.

ಎದುರಿನ ಹೋಟೆಲ್‌ಗೆ ಹೋದೆ. ಇಡ್ಲಿ ಬಂತು. ಮೊದಲ ತುತ್ತು ಮುರಿಯುವಾಗಲೇ ನೆನಪಾಯಿತು. ಹದಿನೈದು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಆಪರೇಷನ್ ಆದಾಗ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಯಾರದೋ, ಅದರಲ್ಲಿ ಎಂಥ ರೋಗ ಇತ್ತೋ. ಆ ರಕ್ತವೇ ತಾನೇ ಈಗ ಆ ಹುಡುಗಿಯ ಬೆರಳೊಳಗೆ ಹೋಗಿರುವುದು? ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಸವಿತಾ ನಲ್ಲಿ ಕೆಳಗೆ ಬೆರಳಿಟ್ಟುಕೊಂಡು ಸೋಪು ಹಚ್ಚುತ್ತಿದ್ದಳು. ಡಾಕ್ಟರಿಗೆ ಹೇಳಿದೆಯಾ ಅಂದೆ. ಆಕೆ ಬಾಗಿಲ ಕಡೆ ನೋಡಿದಳು.

“ಯಾರಿಗೂ ಹೇಳ್ಬೇಡಿ ಸರ್, ಪ್ಲೀಸ್. ಇನ್ನೆರಡು ತಿಂಗಳಿಗೆ ನನ್ನ ಮದುವೆ. ಹುಡುಗ ಚನ್ನರಾಯಪಟ್ಟಣದವ್ರು. ಎಚ್‌ಐವಿ ಟೆಸ್ಟ್ ಮಾಡಿಸಿದ್ಲಂತೆ ಅಂತ ಒಂದು ಮಾತು ಹೋದ್ರೆ ಸಾಕು. ಯಾಕೆ ಮಾಡಿಸಿದ್ಲು ಅಂತ ಯಾರೂ ಕೇಳಲ್ಲ.”

ಔಷಧಿ ಬೇಕಾಗಿದ್ದರೆ ಆದಷ್ಟು ಬೇಗ ಶುರು ಮಾಡಬೇಕು ಅನ್ನುವುದು ಲ್ಯಾಬ್‌ನಲ್ಲಿ ಕೆಲಸ ಮಾಡುವ ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಸೋಪು ಹಚ್ಚುತ್ತಾ ನಿಂತಿದ್ದಳಲ್ಲ, ನನಗೆ ಉರಿದುಹೋಯಿತು. ಅದೂ ಸಾಲದು ಅಂತ ಅವಳ ತಲೆಯ ಮೇಲೆಯೇ ಪೋಸ್ಟರ್: ‘ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು.’

“ಓದಕ್ಕೆ ಬರಲ್ವೇನಮ್ಮ ನಿಂಗೆ?” ಅಂದುಬಿಟ್ಟೆ.

“ಗೊತ್ತು ಸರ್. ಆದ್ರೆ ಮುಚ್ಚಳ ಹಾಕ್ದೆ ಬಿಸಾಕಿದ್ರೆ ಜಯಕ್ಕಂಗೆ ಚುಚ್ಚುತ್ತೆ.”

ಜಯಕ್ಕ ಅಂದರೆ ಜಯಮ್ಮ. ದುದ್ದ ಎಂಬ ಊರಿನಿಂದ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸು ಹತ್ತಿ ಬಂದು ಇಡೀ ಆಸ್ಪತ್ರೆಯ ಕಸ ತೆಗೆಯುವ ಹೆಂಗಸು. ಸೂಜಿ ಹಾಕಲು ಗಟ್ಟಿ ಡಬ್ಬವೇನೋ ಇತ್ತು. ಆದರೆ ಅದು ಬಾಯಿವರೆಗೆ ತುಂಬಿದರೂ ಬದಲಾಗುತ್ತಿರಲಿಲ್ಲ. ಮಿಕ್ಕ ಸೂಜಿಗಳು ಕಸದ ಚೀಲ ಸೇರುತ್ತಿದ್ದವು. ಚೀಲ ಎತ್ತುವವರು ಜಯಮ್ಮ. ಹಾಗಾಗಿ ಲ್ಯಾಬ್ ಹುಡುಗಿಯರೆಲ್ಲ ಸೇರಿ, ಯಾರೂ ಹೇಳದೆ ಕೇಳದೆ, ಒಂದು ಪದ್ಧತಿ ಮಾಡಿಕೊಂಡಿದ್ದರು. ಏನೇ ಆಗಲಿ, ಮುಚ್ಚಳ ಹಾಕಿಯೇ ಎಸೆಯುವುದು.

ನಾನು ಅಜಾಗರೂಕತೆ ಅಂದುಕೊಂಡಿದ್ದು ಜಯಮ್ಮನ ಮೇಲಿನ ಕಾಳಜಿಯಾಗಿತ್ತು ಸ್ವಾಮಿ. “ಹಾಗಾದ್ರೆ ಡಾಕ್ಟರಿಗೆ ಹೇಳ್ಲೇಬೇಕಮ್ಮ, ಇಲ್ದಿದ್ರೆ ನಾಳೆ ಇನ್ನೊಬ್ಬರಿಗೆ ಚುಚ್ಚುತ್ತೆ” ಅಂದೆ. “ನಾನೇ ಹೇಳ್ತೀನಿ ಸರ್, ನೀವು ಜೊತೆಗೆ ಬನ್ನಿ” ಅಂದಳು ಸವಿತಾ, ಕಣ್ಣೊರೆಸಿಕೊಂಡು. ಹೋದೆವು.

ಆಸ್ಪತ್ರೆಯ ದೊಡ್ಡ ಡಾಕ್ಟರು ಕೆಟ್ಟವರಲ್ಲ. ಆದರೆ ಎಲ್ಲ ದೊಡ್ಡವರ ಹಾಗೆ ಮೊದಲು ಬೈದು ಆಮೇಲೆ ಯೋಚಿಸುವ ಜಾತಿ. “ಐದು ವರ್ಷದ ಎಕ್ಸ್‌ಪೀರಿಯೆನ್ಸ್ ಇಟ್ಕೊಂಡು ಸೂಜಿಗೆ ಮತ್ತೆ ಕ್ಯಾಪ್ ಹಾಕ್ತೀಯಲ್ಲಮ್ಮ, ತಲೆ ಎಲ್ಲಿತ್ತು?” ಅಂತ ಶುರು ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು. ಬಾಗಿಲಲ್ಲಿ ಜಯಮ್ಮ, ಕೈಯಲ್ಲಿ ನೆಲ ಒರೆಸುವ ಕೋಲು.

“ಆ ಮಗೀನ ಬಯ್ಬ್ಯಾಡಿ ಸಾ. ಅದು ಮುಚ್ಚಳ ಆಕಾದು ನನ್ ಕೈಗೆ ಚುಚ್ದಿರ್ಲಿ ಅಂತ ಕಣ ಸಾ.”

“ನಿಂಗೆ ಚುಚ್ಚಿದ್ಯಾ?”

“ಮೂರ್ ಸಲ ಚುಚ್ಚೈತೆ. ತೊಳ್ಕಂಡು ಸುಮ್ಕಾದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಯೋಳುದ್ರೆ ಬಯ್ತಿದ್ರಿ. ಚುಚ್ಚುಸ್ಕಳಾದೂ ನಾನೇ, ಬಯ್ಯಿಸ್ಕಳಾದೂ ನಾನೇಯಾ ಸಾ?”

ಡಾಕ್ಟರು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಫೈಲ್ ಹಿಡಿದು ನಿಂತಿದ್ದ ಸ್ಟಾಫ್ ನರ್ಸ್ ಮೆಲ್ಲಗೆ, “ನಂಗೂ ಒಂದ್ಸಲ ಆಗಿದೆ ಡಾಕ್ಟ್ರೇ” ಅಂದರು. ಬಾಗಿಲಾಚೆ ನಿಂತಿದ್ದ ಇನ್ನೊಬ್ಬ ನರ್ಸ್ ನಂಗೂ ಅಂದರು. ಅಷ್ಟು ವರ್ಷ ಒಬ್ಬೊಬ್ಬರೇ ನಲ್ಲಿ ಕೆಳಗೆ ಕೈ ತೊಳೆದುಕೊಂಡವರು ಅವತ್ತು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರು ಎದ್ದು ನಿಂತು, “ತಪ್ಪು ನಂದು. ಮೊದಲು ಎಲ್ಲರ ಟೆಸ್ಟ್ ಆಗ್ಲಿ” ಅಂದರು. ಅಷ್ಟು ಹೇಳುವ ಡಾಕ್ಟರು ಎಷ್ಟು ಜನ ಸಿಗುತ್ತಾರೆ ಹೇಳಿ?

ಸವಿತಾಗೆ ಚುಚ್ಚಿದ್ದು ನನ್ನ ರಕ್ತದ ಸೂಜಿ ತಾನೇ, ನಾನೂ ಅಂಗಿಯ ತೋಳು ಮೇಲೆ ಮಾಡಿದೆ. ಮೊದಲ ಸಲ ಗೋಡೆ ಕಡೆ ತಿರುಗದೆ ಸೂಜಿಯನ್ನೇ ನೋಡುತ್ತಾ ರಕ್ತ ಕೊಟ್ಟೆ. ರಿಪೋರ್ಟ್ ಬರುವವರೆಗೆ ಬೆಂಚಿನ ಮೇಲೆ ಕೂತು ಪಟ್ಟ ಪಾಡು ನನಗೇ ಗೊತ್ತು. ಎಚ್‌ಐವಿ, ಹೆಪಟೈಟಿಸ್, ಎಲ್ಲ ನೆಗೆಟಿವ್. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಸವಿತಾಳದ್ದೂ ಸರಿಯಾಗಿತ್ತು, ಮೂರು ತಿಂಗಳ ಮೇಲೆ ಮತ್ತೆ ನೋಡಿದಾಗಲೂ ಸರಿಯಾಗಿತ್ತು. ಜಯಮ್ಮನದೂ, ನರ್ಸ್‌ಗಳದೂ ಅಷ್ಟೇ. ದೇವರು ದೊಡ್ಡವನು.

ಆದರೆ ದೇವರನ್ನೇ ನಂಬಿಕೊಂಡು ಆಸ್ಪತ್ರೆ ನಡೆಸಲು ಆಗುತ್ತದೆಯೇ? ತಿಂಗಳೊಳಗೆ ಹೊಸ ಸೂಜಿಗಳು ಬಂದವು. ನೋಡಲು ಏನೂ ವಿಶೇಷವಿಲ್ಲ. ರಕ್ತ ನೇರವಾಗಿ ಟ್ಯೂಬಿಗೇ ಇಳಿಯುತ್ತದೆ. ತುಂಬಿದ ಮೇಲೆ ಒಂದು ಗುಂಡಿ ಒತ್ತಿದರೆ ಟಕ್ ಅಂತ ಸದ್ದು. ಸೂಜಿ ಹಿಂದಕ್ಕೆ ಸರಿದು ಪ್ಲಾಸ್ಟಿಕ್ ಕವಚದೊಳಗೆ ಅಡಗಿಬಿಡುತ್ತದೆ. ಮತ್ತೆ ಹೊರಗೆ ಬರುವುದಿಲ್ಲ. ಮುಚ್ಚಳದ ಮಾತೇ ಇಲ್ಲ.

ಎಲ್ಲರಿಗೂ ಟ್ರೈನಿಂಗ್ ಕೊಟ್ಟವಳು ಸವಿತಾ. ಮೊದಮೊದಲು ಕಷ್ಟವಾಯಿತಂತೆ. ವರ್ಷಗಟ್ಟಲೆಯ ಅಭ್ಯಾಸ ನೋಡಿ, ಬಲಗೈ ಗುಂಡಿ ಒತ್ತಿದರೂ ಎಡಗೈ ತನ್ನ ಪಾಡಿಗೆ ತಾನು ಟ್ರೇನಲ್ಲಿ ಮುಚ್ಚಳ ಹುಡುಕುತ್ತಿತ್ತಂತೆ. ಅದಕ್ಕೆ ಆಕೆ ಒಂದು ಉಪಾಯ ಮಾಡಿದಳು. ಎಡಗೈ ಹತ್ತಿ ಹಿಡಿದು ರೋಗಿಯ ತೋಳಿನ ಮೇಲೇ ಇರಬೇಕು, ಕದಲಬಾರದು. ವಾರದೊಳಗೆ ಎಲ್ಲರ ಕೈಯೂ ದಾರಿಗೆ ಬಂತು. ಡಬ್ಬ ಮುಕ್ಕಾಲು ತುಂಬಿದ ಕೂಡಲೇ ಬದಲಾಯಿಸುವುದೂ ಶುರುವಾಯಿತು.

ಒಂದು ಸಣ್ಣ ತಕರಾರು ಉಳಿದಿತ್ತು. ಹೊಸ ಸೂಜಿ ದುಬಾರಿ ಅಂತ ಡಾಕ್ಟರು ಮೊದಲು ಲ್ಯಾಬ್‌ಗೆ ಮಾತ್ರ ತರಿಸಿದ್ದರು. ವಾರ್ಡ್‌ಗೆ ಆಮೇಲೆ ನೋಡೋಣ ಅಂದಿದ್ದರು. ಜಯಮ್ಮ ಸುಮ್ಮನಿರುತ್ತಾರೆಯೇ? ಬಾಯಿ ಬಿಟ್ಟು ಕೇಳುವ ರುಚಿ ಹತ್ತಿತ್ತು.

“ಲ್ಯಾಬಿನ್ ಕಸ ಯಾವ್ದು, ವಾಲ್ಡಿನ್ ಕಸ ಯಾವ್ದು ಅಂತ ನನ್ ಕೈಗೆ ಎಂಗ್ ಗೊತ್ತಾಯ್ತದೆ ಸಾ?” ಅಂದರಂತೆ ಮೀಟಿಂಗ್‌ನಲ್ಲಿ. (ಹೌದು, ಈಗ ಮೀಟಿಂಗ್‌ನಲ್ಲಿ ಅವರಿಗೂ ಕುರ್ಚಿ ಇದೆ.) ಡಾಕ್ಟರು ನಕ್ಕು, ಇಡೀ ಆಸ್ಪತ್ರೆಗೆ ತರಿಸಿದರು. ಗೆದ್ದರು ಜಯಮ್ಮ.

ಮದುವೆ? ಆಯಿತು, ಜೋರಾಗಿಯೇ ಆಯಿತು. ಟೆಸ್ಟ್ ವಿಷಯವನ್ನು ಸವಿತಾ ತಾನೇ ಹುಡುಗನಿಗೆ ಫೋನ್ ಮಾಡಿ ಹೇಳಿದಳಂತೆ. ಆತ “ನೋವಾಯ್ತಾ?” ಅಂತ ಕೇಳಿದನಂತೆ. ಅಷ್ಟೇ. ಚನ್ನರಾಯಪಟ್ಟಣದ ಛತ್ರದಲ್ಲಿ ಜಯಮ್ಮನ ಪಕ್ಕ ಕೂತು ನಾನು ಎರಡು ಹೋಳಿಗೆ ತಿಂದೆ. (ಮನೆಯಲ್ಲಿ ಒಂದು ಅಂತ ಹೇಳಿದ್ದೇನೆ.)

ಹೋದ ವಾರ ಮತ್ತೆ ಟೆಸ್ಟ್‌ಗೆ ಹೋಗಿದ್ದೆ. ಟಕ್. ಮುಗಿಯಿತು. ಎರಡು ನಿಮಿಷದಲ್ಲಿ ಜಯಮ್ಮ ಬಂದು, ಡಬ್ಬದ ಬಾಯಿ ಮುಚ್ಚಿ, ಅತ್ತಿತ್ತ ನೋಡದೆ, ಭಯವಿಲ್ಲದೆ ಎತ್ತಿಕೊಂಡು ಹೋದರು. ಅದನ್ನು ನೋಡಿ ನನಗೆ ಆದ ಸಂತೋಷ ಇದೆಯಲ್ಲ, ಅದನ್ನು ಯಾವ ಲ್ಯಾಬ್ ರಿಪೋರ್ಟೂ ತೋರಿಸಲಾರದು.

ನೀವೂ ನಿಮ್ಮೂರ ಆಸ್ಪತ್ರೆಯಲ್ಲಿ ರಕ್ತ ಕೊಡುತ್ತೀರಿ, ಹತ್ತಿ ಒತ್ತಿಕೊಂಡು ಎದ್ದು ಬರುತ್ತೀರಿ. ನಿಮಗೆ ಚುಚ್ಚಿದ ಆ ಸೂಜಿ ಆಮೇಲೆ ಯಾರ ಕೈಗೆ ಹೋಯಿತು ಅಂತ ಒಂದು ಸಲವಾದರೂ ಕೇಳಿದ್ದೀರಾ?