ಅಂಕಲ್ ಕೊಟ್ಟ ಕಾಗದ

ಅಂಕಲ್‌ರ ಬಲಗಾಲಿನ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪಗೆ, ಅರ್ಧ ಕಳಚಿಕೊಂಡೇ ಇರುತ್ತಿತ್ತು. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದು, ಸಾಕ್ಸ್ ಬಿಚ್ಚಿಟ್ಟು ಚಕ್ಕಂಬಕ್ಕಳ ಹಾಕಿ ಕೂತರೆ ಎಲ್ಲರ ಕಣ್ಣೂ ಅಲ್ಲಿಗೇ. ಯಾರಾದರೂ ಕೇಳಿದರೆ, "ಬೆಟ್ಟ ಹತ್ತುವಾಗ ಎಂತ ಸಹ ಆಗುವುದಿಲ್ಲ ಮಾರಾಯ್ರೆ. ಇಳಿಯುವಾಗ ಬೆರಳು ಹೋಗಿ ಶೂಗೆ ಬಡೀತದೆ" ಎಂದು ಹೇಳಿ ಇನ್ನೊಂದು ಚಮಚ ಸಜ್ಜಿಗೆ ಹಾಕಿಸಿಕೊಳ್ಳುತ್ತಿದ್ದರು.

ಅವರು ಉಡುಪಿ ಕಡೆಯವರು. ಹ್ಯೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಆಂಟಿ ತೀರಿಕೊಂಡ ಮೇಲೆ ರೌಂಡ್ ರಾಕ್‌ಗೆ ಶಿಫ್ಟ್ ಆಗಿ, ನಮ್ಮಿಂದ ಮೂರನೇ ಮನೆಯಲ್ಲಿದ್ದರು. ಒಬ್ಬಳೇ ಮಗಳು ಮೂರು ಗಂಟೆ ದಾರಿಯ ಫ್ರಿಸ್ಕೋದಲ್ಲಿ. ವರ್ಷಕ್ಕೊಮ್ಮೆ ಸಣ್ಣದೊಂದು ಟೆಂಟ್ ಹೊತ್ತುಕೊಂಡು ಆಲ್ಪ್ಸ್‌ನಲ್ಲಿ ಒಬ್ಬರೇ ಹತ್ತು ದಿನ ನಡೆಯುವುದು ಅವರ ಹುಚ್ಚು. ಅದಕ್ಕಾಗಿ ಬ್ಯಾಗಿಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ತುಂಬಿಕೊಂಡು ನಮ್ಮ ಬಡಾವಣೆ ಸುತ್ತುತ್ತಿದ್ದರು. ಟೆಕ್ಸಸ್ಸಿನಲ್ಲಿ ನಡೆದು ಹೋಗುವವರನ್ನು ಕಂಡರೆ ಜನರಿಗೆ ಪಾಪ ಅನ್ನಿಸುತ್ತದೆ. ದಿನಕ್ಕೆ ಎರಡು ಕಾರಾದರೂ ನಿಂತು ರೈಡ್ ಬೇಕೇ ಎಂದು ಕೇಳುತ್ತಿದ್ದವು. ಇಲ್ಲಿ ಗುಡ್ಡವಿಲ್ಲ ಎಂದು ಭಾನುವಾರ ನನ್ನ ಆಫೀಸಿನ ಪಾರ್ಕಿಂಗ್ ಗ್ಯಾರೇಜಿಗೆ ಬಂದು ಐದು ಅಂತಸ್ತಿನ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದರು.

ನಾನು ಹುಟ್ಟಾ ಪುಕ್ಕಲಿ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವಳು. ಹೈವೇಯಲ್ಲಿ ಲೇನ್ ಬದಲಿಸಲು ಹೆದರಿ ಮೂರು ಮೈಲಿ ಮುಂದೆ ಹೋಗಿ ತಿರುಗಿಸಿಕೊಂಡು ಬರುವವಳು. ಅಂಥವಳ ಕೈಗೆ ಅಂಕಲ್ ಒಂದು ದಿನ ಮಡಚಿದ ಕಾಗದ ಕೊಟ್ಟರು. ಯಾವ ದಿನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ, ಎಲ್ಲಿ ಟೆಂಟ್ ಹಾಕುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಬ್ಯಾಗಿನಲ್ಲಿ ಒಂದೇ ಗುಂಡಿಯ ಯಂತ್ರವಿರುತ್ತದೆ. ಟೆಂಟ್ ಹಾಕಿದ ಕೂಡಲೇ ಅದನ್ನು ಒತ್ತುತ್ತಾರೆ. 'ಕ್ಷೇಮ' ಎಂಬ ಮೆಸೇಜ್, ಅವರಿರುವ ಜಾಗದ ಗುರುತಿನ ಜೊತೆ, ಉಪಗ್ರಹದ ಮೂಲಕ ನನ್ನ ಫೋನಿಗೆ ಬರುತ್ತದೆ. ಅಲ್ಲಿ ಸಂಜೆ ಏಳು, ಇಲ್ಲಿ ಮಧ್ಯಾಹ್ನ ಹನ್ನೆರಡು. ಕೆಳಗೆ ಕೆಂಪು ಶಾಯಿಯಲ್ಲಿ, 'ಬಾರದಿದ್ದರೆ ಎರಡು ಗಂಟೆ ಕಾಯಬೇಕು. ಆಮೇಲೆ ಅಲ್ಲಿಯ ರಕ್ಷಣಾ ತಂಡದ ಈ ನಂಬರಿಗೆ ಫೋನ್.'

"ಮೊದಲೆಲ್ಲ ಇದು ನಿಮ್ಮ ಆಂಟಿ ಹತ್ತಿರ ಇರ್ತಿತ್ತು," ಎಂದರು. ಮಗಳು ಒಂಟಿಯಾಗಿ ಹೋಗಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಳಂತೆ. ಅವಳಿಗೆ ಗ್ರೂಪ್ ಟೂರ್ ಎಂದು ಸುಳ್ಳು ಹೇಳಿದ್ದರು.

"ಅಂಕಲ್, ನನಗೆ ಯಾಕೆ? ನನಗೆ ಧೈರ್ಯಾನೇ ಇಲ್ಲ."

"ಧೈರ್ಯ ಇದ್ದವರು ಮರೆತು ಊಟಕ್ಕೆ ಹೋಗ್ತಾರೆ. ನೀನು ಹೆದರ್ತಿ. ಅದಕ್ಕೇ ನಿನಗೆ ಕೊಡೋದು."

ಮೊದಲ ಮೂರು ದಿನ ಸರಿಯಾಗಿ ಹನ್ನೆರಡಕ್ಕೆ ಮೆಸೇಜ್ ಬಂತು. ನಾಲ್ಕನೆಯದು ಸೋಮವಾರ. ಕಾಗದದಲ್ಲಿ 'ಏಕಾದಶಿ. ನಡಿಗೆ ಇಲ್ಲ, ಮೆಸೇಜ್ ಇಲ್ಲ' ಎಂದಿತ್ತು. ಅಂಕಲ್ ಏಕಾದಶಿಯ ದಿನ ನೀರು ಬಿಟ್ಟು ಬೇರೇನೂ ಮುಟ್ಟುವವರಲ್ಲ. ಹೊಟ್ಟೆಗಿಲ್ಲದೆ ಬೆಟ್ಟ ಹತ್ತುವವರೂ ಅಲ್ಲ. ಆದರೆ ಅಂದೂ ಮೆಸೇಜ್ ಬಂತು, ಅದೂ ಮುಂದಿನ ಜಾಗದಿಂದ! ಅರವತ್ತೊಂಬತ್ತರ ಈ ಮನುಷ್ಯ ಉಪವಾಸವಿದ್ದು ಕಣಿವೆ ದಾಟಿದ್ದಾರೆಯೇ? ಕೋಪ, ದಿಗಿಲು ಎರಡೂ ಬಂದವು. ಮಂಗಳವಾರ ಹನ್ನೆರಡಾದರೂ ಫೋನ್ ಸುಮ್ಮನಿತ್ತು. ಅಲ್ಲಿಯ ಹವಾಮಾನ ನೋಡಿದರೆ ಮೋಡ, ಅದರ ಕೆಳಗೆ ಸಿಡಿಲಿನ ಗುರುತು. ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ಗೊತ್ತಿಲ್ಲ. ತಲೆ ಸುತ್ತಿ ಬಿದ್ದ ಅಂಕಲ್ ಕಣ್ಣ ಮುಂದೆ ಬಂದರು. ಮೀಟಿಂಗ್ ಬಿಟ್ಟು ಗ್ಯಾರೇಜಿಗೆ ಬಂದು, ಅವರು ಹತ್ತುತ್ತಿದ್ದ ಮೆಟ್ಟಿಲ ಮೇಲೆ ಕೂತು, ಮೊಬೈಲಿನಲ್ಲಿ ಮೊದಲೇ ಸೇವ್ ಮಾಡಿಟ್ಟಿದ್ದ ಆ ನಂಬರಿಗೆ ಫೋನ್ ಮಾಡಿದೆ. ಆಮೇಲೆ ಫ್ರಿಸ್ಕೋಗೆ.

"ನಿಮ್ಮಪ್ಪ ಗ್ರೂಪಲ್ಲಿ ಹೋಗಿಲ್ಲಮ್ಮ. ಒಬ್ಬರೇ ಹೋಗಿದ್ದಾರೆ."

"ಆಂಟಿ, ವಾಟ್ ಡು ಯು ಮೀನ್, ಒಬ್ಬರೇ?" ಎಂದಳು. ಆಮೇಲೆ ಅವಳ ಅಳುವಷ್ಟೇ ಕೇಳಿಸಿತು.

ಹೆಲಿಕಾಪ್ಟರ್ ಹೋಯಿತು. ಅಂಕಲ್ ಟೆಂಟಿನ ಮುಂದೆ ಪದ್ಮಾಸನ ಹಾಕಿ ಕೂತು ವಿಷ್ಣು ಸಹಸ್ರನಾಮ ಹೇಳುತ್ತಿದ್ದರಂತೆ. ನಡೆದದ್ದಿಷ್ಟು. ಪ್ಲ್ಯಾನ್ ಬರೆಯುವಾಗ ಅವರು ನೋಡಿದ್ದು ಇಲ್ಲಿನ ದೇವಸ್ಥಾನದ ಕ್ಯಾಲೆಂಡರ್. ಟೆಕ್ಸಸ್ಸಿನ ಸೂರ್ಯೋದಯದ ಲೆಕ್ಕದಲ್ಲಿ ಏಕಾದಶಿ ಸೋಮವಾರ. ಆಲ್ಪ್ಸ್‌ನಲ್ಲಿ ಸೋಮವಾರ ಸೂರ್ಯ ಹುಟ್ಟುವಾಗ ಇನ್ನೂ ದಶಮಿ. ಅದು ಅವರಿಗೆ ಹೊಳೆದದ್ದು ಅಲ್ಲಿ ಬೆಳಿಗ್ಗೆ ಜೇಬಿನ ಪಂಚಾಂಗ ಬಿಡಿಸಿದಾಗ. ಸರಿ, ಸೋಮವಾರ ಉಂಡು ನಡೆದರು, ಮಂಗಳವಾರ ಉಪವಾಸ ಕೂತರು. ಹೊಸದಾಗಿ ಟೆಂಟ್ ಹಾಕಲಿಲ್ಲ, ಗುಂಡಿ ಒತ್ತಲಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ, ನನ್ನ ಅಡುಗೆಮನೆಯಲ್ಲೇ, ಆ ಕಾಗದದ ಪಕ್ಕದಲ್ಲೇ ನೇತಾಡುತ್ತಿದ್ದ ಮೈಸೂರಿನ ಕ್ಯಾಲೆಂಡರಿನಲ್ಲಿ ಮಂಗಳವಾರ ಏಕಾದಶಿ ಎಂದು ದಪ್ಪಕ್ಷರದಲ್ಲಿತ್ತು. ಗೋಡೆಗೆ ಅಂದ ಎಂದು ತೂಗುಹಾಕಿದ್ದೆನೇ ಹೊರತು ಒಂದು ದಿನವೂ ಓದಿರಲಿಲ್ಲ.

ಮಗಳು ಮರುದಿನದ ವಿಮಾನಕ್ಕೇ ಟಿಕೆಟ್ ಮಾಡಿಸಿ ಅವರನ್ನು ವಾಪಸ್ ಕರೆಸಿದಳು. ನಾಚಿಕೆಯಿಂದ ನಾನು ಅವರ ಮನೆಯ ಮುಂದೆ ಹಾಯುವುದನ್ನೂ ಬಿಟ್ಟೆ. ಮೂರನೇ ದಿನ ಅವರೇ ಬಂದು ಬಾಗಿಲು ತಟ್ಟಿದರು. ನಾನು ಅತ್ತುಬಿಟ್ಟೆ.

"ನಿಮ್ಮ ಟ್ರಿಪ್ ಹಾಳು ಮಾಡಿದೆ ಅಂಕಲ್."

"ಎಂತ ಹಾಳು? ತಪ್ಪು ನನ್ನದು. ಗುಂಡಿ ಒತ್ತಿದ್ರೆ ನನ್ನ ಗಂಟೇನು ಹೋಗ್ತಿತ್ತು? ಅದಿರಲಿ, ಎರಡು ಗಂಟೆ ಪೂರ್ತಿ ಕಾದ್ಯಾ?"

"ಇಲ್ಲ. ನಲವತ್ತು ನಿಮಿಷ."

ಅವರು ಜೋರಾಗಿ ನಕ್ಕರು. "ನಿಮ್ಮ ಆಂಟಿ ಅರ್ಧ ಗಂಟೆಗೇ ಫೋನ್ ಮಾಡ್ತಿದ್ದಳು," ಎಂದರು. ಜೀವಮಾನವೆಲ್ಲ ಎಲ್ಲರೂ ಆಡಿಕೊಂಡ ನನ್ನ ಹೆದರಿಕೆಯನ್ನು ಒಂದು ಯೋಗ್ಯತೆ ಎಂದು ಕಂಡವರು ಅವರೊಬ್ಬರೇ. ಆದರೆ ಅವರು ಮತ್ತೆ ನನಗೆ ಕಾಗದ ಕೊಡಲಾರರು ಎಂದೇ ತಿಳಿದಿದ್ದೆ.

ಮುಂದಿನ ಏಪ್ರಿಲ್‌ನಲ್ಲಿ ಅವರು ಫ್ರಿಸ್ಕೋದ ಮಗಳ ಮನೆಯಲ್ಲಿ, ಊಟ ಮಾಡಿ ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು ನನ್ನನ್ನು ಪಕ್ಕಕ್ಕೆ ಕರೆದು ಮಡಚಿದ ಒಂದು ಕಾಗದ ಕೊಟ್ಟಳು. ಜುಲೈ ತಿಂಗಳ ಪ್ಲ್ಯಾನ್. ಮೇಲೆ ನನ್ನ ಹೆಸರು, ಅದರ ಕೆಳಗೆ ಅವಳದು.

"ನಾನು ಓಕೆ ಅಂದಿದ್ದೆ ಆಂಟಿ," ಎಂದಳು. "ನಿಮ್ಮ ಹೆಸರು ಇದ್ರೆ ಮಾತ್ರ ಹೋಗಿ ಅಂದೆ."

ಆರನೇ ದಿನದ ಎದುರು ಅಂಕಲ್ ಬರೆದಿದ್ದರು: 'ಏಕಾದಶಿ. ಅಲ್ಲಿಯ ಪ್ರಕಾರ. ನಡಿಗೆ ಇಲ್ಲ. ಆದರೂ ಮೆಸೇಜ್ ಉಂಟು.'

ಕಾಗದವನ್ನು ಅದೇ ಜಾಗದಲ್ಲಿ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದೆ. ಜುಲೈ ಬಂತು, ಆ ದಿನವೂ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಗ್ಯಾರೇಜಿನ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತೆ. ಈ ಸಲ ಎರಡು ಗಂಟೆ ಪೂರ್ತಿ ಕಾದೆ.